ಕಣ್ಣು ಬಿಟ್ಟ ಕಂಪ್ಯೂಟರ್

ಆ ಸತೀಶಕುಮಾರನನ್ನು ನಾನು ಇನ್ನೂ ಕ್ಷಮಿಸಿಲ್ಲ. ಕ್ಷಮಿಸುವುದೂ ಇಲ್ಲ!

ಜೇವರ್ಗಿ ಬಸ್ ಸ್ಟ್ಯಾಂಡಿನ ಹತ್ತಿರ ಅವನದೊಂದು ಕಂಪ್ಯೂಟರ್ ಸೆಂಟರ್ ಇದೆ. ಯಾವುದೋ ಅರ್ಜಿ ಹಾಕಲು ಹೋಗಿದ್ದೆ. ನೋಡುತ್ತೇನೆ, ಪರದೆಯ ಮೇಲೆ ನನ್ನ ಹೆಸರಿನ ಎದುರು 'ಹೆಂಗಸು' ಎಂದು ಬಿದ್ದಿದೆ! ಮೀಸೆ ಹೊತ್ತವನಿಗೆ ಇದೆಂಥ ಅನ್ಯಾಯ ಎಂದು ಬೆರಳಿಟ್ಟು ತೋರಿಸಿದೆ. ಅಷ್ಟಕ್ಕೇ ಅವನು ಚೇಳು ಕಡಿದವನಂತೆ ಹಾರಿದ.

"ಕಾಕಾ, ಕೈ ತೆಗೀರಿ ಮೊದಲ! ಇದು ನಿಮ್ಮ ಬೋರಿನ ಮೋಟಾರ್ ಅಲ್ಲ. ಗ್ರೀಸ್ ಹತ್ತತದ!"

ಸಾಲಿನಲ್ಲಿ ನಿಂತವರೆಲ್ಲ ನಕ್ಕರು. ಒಬ್ಬನಂತೂ ನಗು ತಡೆಯಲಾರದೆ ನನ್ನ ಹೆಗಲನ್ನೇ ಆಸರೆ ಹಿಡಿದ!

ಹೌದು, ನಾನು ಮೋಟಾರ್ ರಿವೈಂಡಿಂಗ್ ಮಾಡುವವನು. ಸುಟ್ಟ ಮೋಟಾರಿನ ಹೊಟ್ಟೆ ಬಗೆದು, ಕರಕಲು ತಂತಿ ಕಿತ್ತು, ಹೊಸ ತಂತಿ ಸುತ್ತಿ ಜೀವ ಬರಿಸುವವನು. ಶಾಲೆಯನ್ನು ನಾನು ಬೇಗ ಬಿಟ್ಟೆನೋ, ಶಾಲೆಯೇ ನನ್ನನ್ನು ಬಿಟ್ಟಿತೋ, ಆ ವಿಷಯದಲ್ಲಿ ನನಗೂ ಮಾಸ್ತರರಿಗೂ ಬೇರೆ ಬೇರೆ ಅಭಿಪ್ರಾಯ. ಆದರೆ ಕರೆಂಟು ಹರಿಯುವ ಯಾವ ವಸ್ತುವೂ ನನ್ನ ಮುಂದೆ ಬಾಲ ಬಿಚ್ಚುವಂತಿಲ್ಲ. ಬಾಗಿಲು ಒದ್ದು ಮನೆಯೊಳಗೆ ಬಂದವನೇ ಘೋಷಿಸಿದೆ.

"ಕೇಳು ಬೇ ಮಹಾನಂದಾ! ಗುಜರಿ ಸಾಮಾನಿನಾಗ ಕಂಪ್ಯೂಟರ್ ಕಟ್ತೇನಿ. ಆ ಸತೀಶಂದು ಎತ್ತಿನ ಗಾಡಿ ಅಂದ್ರ ನಂದು ರೈಲು ಆಗ್ಬೇಕು!"

ನನ್ನ ಹೆಂಡತಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಮೊದಲ ಮಿಕ್ಸರ್ ರಿಪೇರಿ ಮಾಡ್ರಿ. ದೀಪಾವಳಿಯಿಂದ ಚಟ್ನಿ ಕುಟ್ಟಾಕತ್ತೇನಿ."

"ಸಣ್ಣ ಕೆಲಸಕ್ಕ ನನ್ನ ಕೈ ಏಳಂಗಿಲ್ಲ!"

"ಹೌದ್ರಿ. ಊಟಕ್ಕ ಅಷ್ಟೇ ಏಳ್ತದ."

ಪೀರಸಾಬನ ಗುಜರಿ ಅಂಗಡಿಯಲ್ಲಿ ಇಡೀ ದಿನ ಕೂತು ಆರಿಸಿದೆ. ಒಂದು ಕಡೆಯ ಡಬ್ಬಿ, ಇನ್ನೊಂದು ಕಡೆಯ ಫ್ಯಾನು, ಹಳೆಯ ಕಾಲದ ದಪ್ಪ ಟೀವಿಯಂಥ ಪರದೆ. ಮದರ್‌ಬೋರ್ಡು ಮತ್ತು ಹಾರ್ಡ್ ಡಿಸ್ಕ್ ಮಾತ್ರ ಒಂದಕ್ಕೊಂದು ತಂತಿಯಲ್ಲಿ ಸುತ್ತಿಕೊಂಡೇ ಇದ್ದವು.

"ಇವೆರಡನ್ನ ಬ್ಯಾರಿ ಮಾಡಬ್ಯಾಡ ಜಗದೇವ ಭಾಯಿ," ಎಂದ ಪೀರಸಾಬ. "ಜೋಡಿ ಅದಾವ. ಒಳಗ ತುಂಬಿದ್ದೆಲ್ಲಾ ಹಂಗೇ ಅದ. ಕರೆಂಟ್ ಕೊಟ್ರ ಸಾಕು, ಏಳ್ತದ."

"ಯಾರದಿತ್ತಲೇ ಇದು?"

"ಇದ್ದವರದು," ಎಂದು ಅವನು ಬೇರೆ ಗಿರಾಕಿಯ ಕಡೆ ತಿರುಗಿದ.

ಮನೆಗೆ ಬಂದು ನೋಡಿದರೆ ಬೋರ್ಡು ಡಬ್ಬಿಯಲ್ಲಿ ಹಿಡಿಯಲಿಲ್ಲ. ನಾನು ಹೆದರುವವನೇ? ಒಂದು ಮಣೆ ತಂದು ಅದಕ್ಕೇ ಬೋರ್ಡನ್ನು ಸ್ಕ್ರೂ ಹಾಕಿ ಬಿಗಿದೆ.

"ಅಯ್ಯ! ಅದು ಸ್ವಾಮಿಗೋಳು ಬಂದ್ರ ಕೂಡೋ ಮಣಿರೀ!" ಎಂದು ಮಹಾನಂದಾ ಚೀರಿದಳು.

"ಇನ್ಮ್ಯಾಲೆ ಇದರ ಮ್ಯಾಲೆ ವಿಜ್ಞಾನ ಕೂಡ್ತದ! ಸರಿ ಆ ಕಡಿ!"

ಸ್ವಿಚ್ ಒತ್ತಿದೆ. ಗರ್ ಎಂದಿತು. ಬೆಳಗಿತು! ಆದರೆ ಎಂಥ ನಿಧಾನ! ಒಂದು ಗುಂಡಿ ಒತ್ತಿ ಊಟಕ್ಕೆ ಕೂತು ಕೈ ತೊಳೆದು ಬಂದರೂ ಅದು ಇನ್ನೂ ಯೋಚನೆಯಲ್ಲೇ ಇರುತ್ತಿತ್ತು. ಅಂದೂ ಹಾಗೇ ಊಟ ಮುಗಿಸಿ ಬಂದೆ. ನಮ್ಮ ಕಡೆ ಬೇಸಿಗೆಯ ನಡುಮಧ್ಯಾಹ್ನ ಎಂದರೆ ಅಮಾವಾಸ್ಯೆಗಿಂತ ಭಯ. ನಾಯಿ ಬೊಗಳುವುದಿಲ್ಲ. ಓಣಿಯಲ್ಲಿ ಒಂದು ನರಪಿಳ್ಳೆಯೂ ಇರುವುದಿಲ್ಲ. ನೆರಳು ಕೂಡ ಗೋಡೆಗೆ ಬೆನ್ನು ಹಚ್ಚಿ ಉಸಿರು ಬಿಗಿಹಿಡಿದಿರುತ್ತದೆ.

ಪರದೆಯ ಮೇಲೆ ಏನೋ ಇಳಿಯುತ್ತಿತ್ತು. ಮೇಲಿನಿಂದ ಕೆಳಕ್ಕೆ, ಪಟ್ಟಿ ಪಟ್ಟಿಯಾಗಿ. ಮೊದಲು ಬಾಳೆಕಂಬದ ಎಲೆ. ಆಮೇಲೆ ಸೆರಗು ಹೊದ್ದ ತಲೆ. ಹಣೆ ತುಂಬ ವಿಭೂತಿ. ಮುಚ್ಚಿದ ಕಣ್ಣು. ಗದ್ದಕ್ಕೆ ಬಿಗಿದ ಬಿಳಿ ಬಟ್ಟೆ. ಕೊರಳು ಮುಚ್ಚುವಷ್ಟು ಚೆಂಡುಹೂವಿನ ಹಾರ. ಒಬ್ಬ ಮುದುಕಿ ಗೋಡೆಗೆ ಆನಿಕೊಂಡು ಕೂತಿದ್ದಳು.

ನಮ್ಮಲ್ಲಿ ಮನುಷ್ಯ ಹೀಗೆ ಕೂರುವುದು ಒಂದೇ ಸಲ. ನಾವು ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸುತ್ತೇವೆ. ಕೂತಂತೆಯೇ ಮಣ್ಣಿಗೆ ಕಳಿಸುತ್ತೇವೆ. ಅದಕ್ಕೂ ಮುಂಚೆ ಮನೆಯವರು ಒಂದು ಫೋಟೋ ತೆಗೆಸುತ್ತಾರೆ. ಇದು ಆ ಫೋಟೋ. ಪಾಪ, ಯಾವ ಮನೆಯ ಹಿರಿಯಳೋ ಎಂದು ಕೈ ಮುಗಿಯಲು ಹೋದೆ.

ಚಿತ್ರ ಅಳಿಸಿಹೋಯಿತು. ಮತ್ತೆ ಇಳಿಯತೊಡಗಿತು. ಅದೇ ಬಾಳೆಎಲೆ. ಅದೇ ಸೆರಗು. ಅದೇ ವಿಭೂತಿ. ಈ ಸಲ ಮುದುಕಿ ಕಣ್ಣು ಬಿಟ್ಟಿದ್ದಳು!

ನಾನು ಕೂಗಿದ ಕೂಗಿಗೆ ಮಹಾನಂದಾ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ಅಷ್ಟರಲ್ಲಿ ರುಮಾಲು ಸುತ್ತಿದ ಒಬ್ಬ ಹಿರಿಯ ಇಳಿದು ಬಂದಿದ್ದ, ಕಣ್ಣು ಮುಚ್ಚಿ.

"ಅಯ್ಯೋ, ಯಾರೋ ಲಿಂಗೈಕ್ಯ ಆಗ್ಯಾರ. ಅದಕ್ಕ ಹಿಂಗ್ಯಾಕ ಒದರ್ತೀರಿ?"

"ನಿಲ್ಲು ಜರಾ. ನೋಡ್ತಾ ಇರು."

ಹಿರಿಯ ಕಣ್ಣು ಬಿಟ್ಟ. ಆಮೇಲೆ ಒಬ್ಬ ಹರೆಯದ ಹೆಣ್ಣುಮಗಳು. ಅವಳೂ ಬಿಟ್ಟಳು. ಹೆಂಡತಿ ಚೀರುತ್ತಾಳೆ ಎಂದು ನಾನು ಕಿವಿ ಮುಚ್ಚಿಕೊಂಡೆ. ಅವಳು ಚೀರಲಿಲ್ಲ. ಪರದೆಯ ಹತ್ತಿರ ಹೋಗಿ ಬಗ್ಗಿ ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಪಿಸುದನಿಯಲ್ಲಿ ಅಂದಳು:

"ಏನ್ರೀ... ಮುದುಕಿದು, ಮುದುಕಂದು, ಈ ಹುಡುಗಿದು, ಎಲ್ಲಾರ ಕಣ್ಣೂ ಒಂದೇ ಅದಾವ್ರೀ. ಎಲ್ಲಾರ ಮಾರಿ ಒಳಗಿಂದ ಒಬ್ಬನೇ ಯಾವನೋ ನೋಡಾಕತ್ಯಾನ!"

ನನ್ನ ಬೆವರು ಬೆನ್ನ ಮೇಲೇ ಹೆಪ್ಪುಗಟ್ಟಿತು. ಕಲಬುರ್ಗಿ ಸೀಮೆಯ ಬೇಸಿಗೆಯಲ್ಲಿ ಚಳಿ ಹುಟ್ಟಿಸಿದ ಮೊದಲ ಯಂತ್ರ ಕಟ್ಟಿದವನು ನಾನೇ ಇರಬೇಕು!

"ಇದನ್ನ ಹೊರಗ ಒಗೀರಿ. ಇಲ್ಲಾಂದ್ರ ನಾ ಅತನೂರಿಗಿ ನಮ್ಮ ತವರಿಗಿ ಹೋಗ್ತೇನಿ."

"ಹೋಗು! ಯಾರಿಗಿ ಅಂಜಿಸ್ತಿ? ಈಗ್ಲೇ ಹೋಗು!" ಎಂದು ಗುಡುಗಿದೆ. ಪರದೆಯ ಮೇಲೆ ಇನ್ನೊಬ್ಬರ ಹಣೆ ಇಳಿಯುತ್ತಿತ್ತು. "ಮತ್ತ... ಹೋಗೋದಾದ್ರ ನನ್ನೂ ಕರ್ಕೊಂಡು ಹೋಗು."

ಪೀರಸಾಬನ ಅಂಗಡಿಗೆ ಓಡಿದೆ. ಅವನು ತಕ್ಕಡಿ ಕೆಳಗಿಡದೆ ಕತೆ ಹೇಳಿದ. ಆ ಜೋಡಿ ಒಂದು ಫೋಟೋ ಸ್ಟುಡಿಯೋದ್ದಂತೆ. ಮಲ್ಲಣ್ಣ ಎಂಬ ಫೋಟೋಗ್ರಾಫರ್ ನಡೆಸುತ್ತಿದ್ದನಂತೆ.

"ಬದುಕಿದ್ದಾಗ ಫೋಟೋ ತೆಗೆಸದವ್ರು ರಗಡ ಮಂದಿ ಭಾಯಿ. ಗ್ವಾಡಿಗಿ ಹಾಕಾಕ ಮನೆಯವರಿಗಿ ಕಣ್ಣು ಬಿಟ್ಟಿದ್ದೇ ಬೇಕು. ಅದಕ್ಕ ಮಲ್ಲಣ್ಣ ತನ್ನ ಕಣ್ಣಿನ ಫೋಟೋ ತೆಗೆದು ಎಲ್ಲಾರಿಗೂ ಹಚ್ತಿದ್ದ."

"ಹೆಂಗಸರಿಗೂ?"

"ಹೋದ ಮ್ಯಾಲೆ ಎಂಥಾ ಗಂಡಸು, ಎಂಥಾ ಹೆಂಗಸು?"

"ಅಂವ ಈಗ ಎಲ್ಲಿ ಅದಾನಲೇ? ಎರಡು ಬಾರಿಸಿ ಬರ್ತೇನಿ!"

"ಹೋದ ವರ್ಷನೇ ಹ್ವಾದ," ಎಂದ ಪೀರಸಾಬ. "ಈಗ ಇದ್ರ ನಿನ್ನ ಮನ್ಯಾಗೇ."

ಯಂತ್ರವನ್ನು ಹೊತ್ತು ಹೊರಗೆ ಹಾಕಬೇಕು ಎಂದುಕೊಂಡೇ ಮನೆಗೆ ಬಂದೆ. ಆದರೆ ಮುಂದಿನ ಖೋಲಿಯಲ್ಲಿ ಅಂದೋಲಾ ಊರಿನ ದೇವೀಂದ್ರಪ್ಪ ನಿಂತಿದ್ದ. ರಿಪೇರಿಗೆ ಕೊಟ್ಟಿದ್ದ ಮೋಟಾರು ಒಯ್ಯಲು ಬಂದವನು, ಮೋಟಾರಿನ ಕಡೆ ನೋಡುತ್ತಿರಲಿಲ್ಲ. ಚಪ್ಪಲಿ ಕಳಚಿ, ಟೋಪಿ ಕೈಯಲ್ಲಿ ಹಿಡಿದು, ಪರದೆಯ ಎದುರು ನಿಂತಿದ್ದ. ಒಳಗೆ ಕಣ್ಣು ಮುಚ್ಚಿದ ಒಬ್ಬ ಸಣಕಲು ಮುದುಕಿ.

"ಅಣ್ಣಾ, ನಮ್ಮವ್ವ," ಎಂದ. "ಸಾಬವ್ವ. ಇಲ್ಲಿ ಹೆಂಗ ಬಂದ್ಲು?"

ನನ್ನ ಸಿಟ್ಟೆಲ್ಲ ಇಳಿದುಹೋಯಿತು. ಅವನೇ ಹೇಳಿದ. ಅವ್ವ ಜೀವಮಾನದಲ್ಲಿ ಫೋಟೋಕ್ಕೆ ನಿಂತವಳಲ್ಲ. ಎಡಗಣ್ಣಿನಲ್ಲಿ ಹೂವು ಬಿದ್ದಿತ್ತು, ಆ ಬಿಳಿಕಲೆಯ ನಾಚಿಕೆ. ಕೂರಿಸಿದಾಗ ಮಲ್ಲಣ್ಣ ತೆಗೆದದ್ದೊಂದೇ.

"ಅಂವನ ಕಣ್ಣು ಹಚ್ಚಬ್ಯಾಡ, ಮುಚ್ಚಿದ್ದೇ ಇರ್ಲಿ ಅಂದಿದ್ದೆ ಅಣ್ಣಾ. ಫೋಟೋ ಕೊಡೋದ್ರಾಗ ಅಂವನೇ ಹೋದ, ಸ್ಟುಡಿಯೋ ಮುಚ್ಚಿತು. ಬರೇ ಫೋಟೋದ ಕಟ್ಟು ತಂದು ಗ್ವಾಡಿಗಿ ಹಾಕೇನಿ. ಒಳಗ ಅಂಗಡಿಯಂವ ಹಚ್ಚಿದ ಸೂರ್ಯಕಾಂತಿ ಹೂವಿನ ಚಿತ್ರನೇ ಅದ. ಅದಕ್ಕೇ ಊದಿನಕಡ್ಡಿ ಬೆಳಗ್ತೇವಿ. ಮೊಮ್ಮಕ್ಕಳು ಆಯಿ ಅಂದ್ರ ಸೂರ್ಯಕಾಂತಿ ತೋರಸ್ತಾವ. ಇದೊಂದು ತೆಗೆದುಕೊಡ್ರಿ. ನಮ್ಮವ್ವನ ಮಾರಿ ಮತ್ತೆಲ್ಲೂ ಇಲ್ಲ."

"ಇಷ್ಟೇನಾ? ಈಗ್ಲೇ ಕೊಡ್ತೇನಿ!" ಎಂದು ಶೂರನಂತೆ ಗುಂಡಿ ಒತ್ತಿದೆ. ಸಾಬವ್ವ ಮಾಯವಾದಳು!

ಚಿತ್ರಗಳು ಯಂತ್ರ ಸುಮ್ಮನಿದ್ದಾಗ ತಾವಾಗಿಯೇ ಬರುತ್ತಿದ್ದವು. ಮುಟ್ಟಿದರೆ ಹೋಗುತ್ತಿದ್ದವು. ಇನ್ನು ಹುಡುಕಬೇಕು. ಒಳಗೆ ನೋಡಿದರೆ ಸಾವಿರಾರು ಚಿತ್ರ, ಒಂದಕ್ಕೂ ಹೆಸರಿಲ್ಲ.

"ಸುಮ್ನ ಬಿಡ್ರಿ," ಎಂದಳು ಮಹಾನಂದಾ. "ತಾನೇ ತಿರುಗಿ ಬರ್ತಾಳ. ಬಂದಾಗ ನನ್ನ ಫೋನಿನಾಗ ಪಟ್ನ ತೆಗೀತೇನಿ."

"ಅಷ್ಟಾದ್ರೂ ನಡೀತದ ಅಣ್ಣಾ," ಎಂದ ದೇವೀಂದ್ರಪ್ಪ.

"ಪರದೆ ಮ್ಯಾಲಿಂದು ತೆಗೆದ್ರ ಮಾರಿ ತುಂಬಾ ಗೆರಿ ಬರ್ತಾವ! ಹಿರಿಯಳಿಗಿ ಗೆರಿ ಎಳೀತೀರೇನು? ಖರೇ ಫೋಟೋನೇ ಕೊಡ್ತೇನಿ. ಮಿಷಿನ್ ನಿಧಾನ ಅದ ಅಷ್ಟೇ. ಓಡಸ್ತೇನಿ ನೋಡ್ರಿ!"

ಕಂಪನಿ ಗೊತ್ತುಮಾಡಿದ ವೇಗಕ್ಕಿಂತ ಹೆಚ್ಚು ಓಡಿಸುವುದಕ್ಕೆ ಓವರ್‌ಕ್ಲಾಕ್ ಎನ್ನುತ್ತಾರೆ. ಯಾವನೋ ಹಿಂದಿಯಲ್ಲಿ ಹೇಳಿಕೊಡುವ ವಿಡಿಯೋ ನೋಡಿ ಕಲಿತಿದ್ದೆ. ಯಂತ್ರ ಏಳುವಾಗ ಒಂದು ಗುಂಡಿ ಒತ್ತಿದರೆ ನೀಲಿ ಪರದೆ ಬರುತ್ತದೆ. ಅಲ್ಲಿ ವೇಗದ ಅಂಕಿ ಏರಿಸಬೇಕು. ಸ್ವಲ್ಪ ಸ್ವಲ್ಪ ಏರಿಸು ಎಂದು ಅವನು ಹೇಳಿದ್ದ. ಸ್ವಲ್ಪ ಎಂಬ ಮಾತು ನನ್ನ ವಂಶದಲ್ಲೇ ಇಲ್ಲ! ಏರಿಸಿದೆ. ವಿಪರೀತ ಬಿಸಿಯಾಗುತ್ತದೆ ಎಂದೂ ಅವನು ಹೇಳಿದ್ದ. ಅದಕ್ಕೇನು? ನಮ್ಮ ಮನೆಯ ಕೂಲರನ್ನು, ಹುಲ್ಲಿನ ಪಟ್ಟಿಯ ಮೇಲೆ ನೀರು ಸುರಿದು ಗಾಳಿ ಬೀಸುವ ಆ ದೊಡ್ಡ ಡಬ್ಬಿಯನ್ನು, ಎಳೆದು ತಂದು ಮಣೆಯ ಎದುರು ನಿಲ್ಲಿಸಿದೆ.

"ಕರೆಂಟಿನ ಸಾಮಾನಿಗಿ ನೀರಿನ ಗಾಳಿ ಬಿಡ್ತೀರೇನ್ರೀ?"

"ಮೋಟಾರ್ ರಿಪೇರಿ ಮಾಡಾಂವ ನೀನೋ ನಾನೋ?"

ಎಂಥ ಓಟ ಅಂತೀರಿ! ಯಂತ್ರ ಶಿಳ್ಳೆ ಹಾಕಿತು. ಸತ್ತವರು ಸರಸರ ಸರಿಯತೊಡಗಿದರು. ಮುಚ್ಚಿದ ಕಣ್ಣು, ಬಿಟ್ಟ ಕಣ್ಣು, ಮುಚ್ಚಿದ, ಬಿಟ್ಟ! ನಿಧಾನವಾಗಿದ್ದಾಗ ಅದು ಚಿತ್ರವಾಗಿತ್ತು. ಈಗ ಅವರೆಲ್ಲ ರೆಪ್ಪೆ ಬಡಿಯುತ್ತಿದ್ದರು. ಊರೂರಿನ ಹಿರಿಯರು ವಿಭೂತಿ ಹಚ್ಚಿ ಹಾರ ಹಾಕಿ ಸಾಲಾಗಿ ಬಂದು, ಮಲ್ಲಣ್ಣನ ಕಣ್ಣಿನಿಂದ ನಮ್ಮ ಮುಂದಿನ ಖೋಲಿ ಇಣುಕಿ ನೋಡಿ ಹೋಗುತ್ತಿದ್ದರು. ದೇವೀಂದ್ರಪ್ಪ ಒಬ್ಬೊಬ್ಬರಿಗೂ ಕೈ ಮುಗಿಯುತ್ತಿದ್ದ. ಕೂಲರಿನ ಸದ್ದಿನಲ್ಲಿ ಮಹಾನಂದಾಳ "ಶಿವಶಿವಾ" ಕೇಳುತ್ತಿರಲಿಲ್ಲ, ತುಟಿ ಆಡುವುದಷ್ಟೇ ಕಾಣುತ್ತಿತ್ತು.

"ಅವ್ವ! ಅವ್ವ ಬಂದ್ಲು!"

ನಿಲ್ಲಿಸಿದೆ. ಸಾಬವ್ವ ಕಣ್ಣು ಮುಚ್ಚಿ ಶಾಂತವಾಗಿ ಕೂತಿದ್ದಳು. ದೇವೀಂದ್ರಪ್ಪ ಹೊರಗೆ ಓಡಿ ತನ್ನ ಟ್ರ್ಯಾಕ್ಟರಿನ ಟೇಪಿನಿಂದ ಹಾಡಿನ ಪೆನ್ ಡ್ರೈವ್ ಕಿತ್ತು ತಂದ. ಚುಚ್ಚಿದೆ. ಫೋಟೋ ಕಾಪಿ ಆಗತೊಡಗಿತು. ಹಸಿರು ಪಟ್ಟಿ ಅರ್ಧ ದಾಟಿತು.

"ಫೋನಿನಾಗೂ ಒಂದು ತೆಗೀಲೇನ್ರೀ?" ಎಂದು ಮಹಾನಂದಾ ಫೋನ್ ಎತ್ತಿದಳು.

"ಬ್ಯಾಡ ಅಂದ್ನೆಲ್ಲ! ನನ್ನ ಮಿಷಿನ್ ಮ್ಯಾಲೆ ಭರೋಸಾ ಇಲ್ಲೇನು?"

ಸುಟ್ಟ ವಾಸನೆ ಬಂತು. ಆ ವಾಸನೆಯನ್ನು ನಾನು ನಿದ್ದೆಯಲ್ಲೂ ಗುರುತಿಸುತ್ತೇನೆ. ಆದರೂ ಮಾಡಿದ್ದೇನು? ಯಂತ್ರ ಆರಿಸುವ ಬದಲು ಕೂಲರಿನ ಗುಂಡಿಯನ್ನು ಪೂರ್ತಿ ತಿರುಗಿಸಿದೆ! ಕೂಲರ್ ಕೆಮ್ಮಿತು. ಬುಕ್ಕೆಂದು ನೀರು ಉಗುಳಿತು. ಮಣೆಯ ಮೇಲೆ ನೀಲಿ ಮಿಂಚು ಹರಿದಾಡಿತು. ಮಹಾನಂದಾ ಮುಖ ಮುಚ್ಚಿಕೊಂಡಳು. ಹೊಗೆ ಎದ್ದಿತು.

ಆ ಹೊಗೆಯೊಳಗೆ ಸಾಬವ್ವ ಕಣ್ಣು ಬಿಟ್ಟಳು.

ಮಲ್ಲಣ್ಣನ ಕಣ್ಣಲ್ಲ. ಎಡಗಣ್ಣಿನಲ್ಲಿ ಬಿಳಿ ಹೂವಿತ್ತು.

ಚಿತ್ರ ಕುಗ್ಗಿತು. ಪರದೆಯ ನಡುವೆ ಒಂದು ಬಿಳಿ ಚುಕ್ಕೆಯಾಯಿತು. ಅದೂ ಹೋಯಿತು.

ಪೆನ್ ಡ್ರೈವಿನಲ್ಲಿ ಹಾಡುಗಳಷ್ಟೇ ಇದ್ದವು. ಹಾರ್ಡ್ ಡಿಸ್ಕನ್ನು ಕಲಬುರ್ಗಿಗೆ ಒಯ್ದೆ. ಅಲ್ಲಿನ ರಿಪೇರಿಯವನು ಮೂಸಿ ನೋಡಿ ತಿರುಗಿ ಕೊಟ್ಟ. ನಾನು ಜೋಡಿಸಿದ್ದರಲ್ಲಿ ಉಳಿದದ್ದು ಮಣೆಯೊಂದೇ, ಅದಕ್ಕೂ ನಡುವೆ ಕರೀ ಕಲೆ.

ದೇವೀಂದ್ರಪ್ಪ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು, ಬೈಗುಳಕ್ಕೆ ತಿರುಗಿ ಬೈಯುವುದು ನನಗೆ ಬರುತ್ತದೆ. ಅವನು ಜೇವರ್ಗಿಗೆ ಬಂದಾಗಲೆಲ್ಲ ನನ್ನ ಅಂಗಡಿಯಲ್ಲಿ ಸ್ವಲ್ಪ ಹೊತ್ತು ಕೂರುತ್ತಾನೆ. ಮೆಲ್ಲಗೆ ಒಂದೇ ಮಾತು ಕೇಳುತ್ತಾನೆ.

"ಅಣ್ಣಾ, ಅವ್ವ ಕಣ್ಣು ಬಿಟ್ಟಿದ್ದು ನೀವೂ ನೋಡೀರಿ. ನೀವು ಸಮೀಪ ಇದ್ರಿ. ನನಗ ಹೊಗಿಯಾಗ ತಿಳೀಲಿಲ್ಲ. ಯಾರ ಕಡಿ ನೋಡಿದ್ಲು? ನನ್ನ ಕಡಿ ಏನು?"

ಮಗನ ಕಡೆ ನೋಡಲಿಲ್ಲ. ನನ್ನ ಕಡೆ ನೋಡಿದಳು. ಅಡಿಯಿಂದ ಮುಡಿಯವರೆಗೆ ಒಂದು ಸಲ ನೋಡಿ, 'ಇಂಥವನ ಕೈಯಾಗ ಕೊಟ್ಟೆಲ್ಲೋ ಮಗನೇ ನನ್ನ' ಎಂಬಂತೆ ಕಣ್ಣು ಮುಚ್ಚಿಕೊಂಡಳು.

ಇಡೀ ಜೇವರ್ಗಿಗೆ ಕೇಳುವಂತೆ ಒದರುವ ನಾನು, ತಲೆ ಎತ್ತದೆ ತಂತಿ ಸುತ್ತುತ್ತ ಹೇಳುತ್ತೇನೆ: "ಮೊದಲ ಚಹಾ ಕುಡಿ ದೇವೀಂದ್ರಪ್ಪ. ಆಮ್ಯಾಲೆ ಹೇಳ್ತೇನಿ."

ಅವನು ಚಹಾ ಕುಡಿಯುತ್ತಾನೆ. ಬಟ್ಟಲು ತೊಳೆದಿಡುತ್ತಾನೆ. ಇನ್ನೂ ಸ್ವಲ್ಪ ಹೊತ್ತು ಕಾಯುತ್ತಾನೆ. ಆಮೇಲೆ ಟ್ರ್ಯಾಕ್ಟರ್ ಹತ್ತುತ್ತಾನೆ. ಅವನಿಗೆ ಕೊಡಬೇಕಾದ ಆ ಒಂದು ಉತ್ತರ ನನ್ನ ಹತ್ತಿರವೇ ಉಳಿದಿದೆ.