ತಿಮಿಂಗಿಲದ ಹಿಂಗಾಲು

ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳಲ್ಲಿ ಸಮುದ್ರವಿಲ್ಲ. ಅಲ್ಲಿನ ಶಾಲೆಗಳಿಗೆ ವಿಜ್ಞಾನದ ಪಾಠಕ್ಕೆಂದು ಜೀಪಿನಲ್ಲಿ ತಿಮಿಂಗಿಲ ಒಯ್ಯುವವನಿಗೆ ಈ ಮುಂದಿನಂಥವು ಆಗದಿದ್ದರೇ ಆಶ್ಚರ್ಯ. ನನ್ನದು ಪ್ಲಾಸ್ಟರಿನ ಅಸ್ಥಿಪಂಜರ, ಆರು ಅಡಿ. ಅದರ ಹೊಟ್ಟೆಯ ಕೆಳಗೆ, ಬೆನ್ನೆಲುಬಿಗೆ ತಾಗದಂತೆ, ಕಿರುಬೆರಳಷ್ಟು ಎಲುಬೊಂದು ದಾರದಲ್ಲಿ ತೂಗುತ್ತದೆ. ತಿಮಿಂಗಿಲದ ಪೂರ್ವಜರು ನಾಲ್ಕು ಕಾಲಲ್ಲಿ ನೆಲದ ಮೇಲೆ ನಡೆದವರು. ನೀರಿಗಿಳಿದ ಮೇಲೆ ಮುಂಗಾಲು ಈಜುರೆಕ್ಕೆಯಾಯಿತು, ಹಿಂಗಾಲು ಸವೆದು ಇಷ್ಟು ಉಳಿಯಿತು. ನನ್ನ ಇಡೀ ಉಪನ್ಯಾಸ ಆ ದಾರಕ್ಕೆ ಜೋತುಬಿದ್ದಿದೆ.

೧. ಕಾಗದ ತಗೀರಿ

ಖಜೂರಿ ರಸ್ತೆಯಲ್ಲಿ ಒಬ್ಬ ಪೇದೆ ಜೀಪು ನಿಲ್ಲಿಸಿ ಎಲುಬಿಗೆ ಹೊದಿಸಿದ್ದ ತಾಡಪತ್ರಿ ಎತ್ತಿದ.

"ಏನ್ರಿ ಇದು?"

"ತಿಮಿಂಗಿಲ."

"ಮೀನಿನ ಎಲುಬು ಇಷ್ಟ ದಪ್ಪ ಇರ್ತಾವೇನ್ರಿ?"

"ಮೀನಲ್ಲ. ಮರಿ ಹಾಕಿ ಹಾಲು ಕುಡಿಸೋ ಪ್ರಾಣಿ."

ಆತ ಗಂಭೀರನಾದ. "ಹಂಗಂದ್ರ ದನದ ಸಾಗಾಟ ಆತು. ಕಾಗದ ತಗೀರಿ."

ವಾದಿಸಲಿಲ್ಲ. ತಿಮಿಂಗಿಲದ ಮೂಲ ಗೊರಸಿನ ಪ್ರಾಣಿಗಳಲ್ಲೇ ಇದೆ. ಎಂ.ಎಸ್ಸಿ.ಯಲ್ಲಿ ನಮ್ಮ ಅರ್ಧ ತರಗತಿ ತಪ್ಪು ಬರೆದಿದ್ದನ್ನು ಈತ ಬಿಸಿಲಲ್ಲಿ ನಿಂತು ಸರಿಯಾಗಿ ಹೇಳಿದ್ದ.

೨. ಕೋಣ

ಅಫಜಲಪುರದಲ್ಲಿ ಮೊಮ್ಮಗಳನ್ನು ಕರೆದೊಯ್ಯಲು ಬಂದ ಅಜ್ಜ ಹಿಂದಿನ ಬೆಂಚಿನಲ್ಲಿ ಕೂತು ಪೂರಾ ಕೇಳಿದ.

"ಸರ, ಇದಕ್ಕ ತಾಸಗಟ್ಟಲೆ ಯಾಕ ಮಾತಾಡ್ತೀರಿ? ಎತ್ತು ಏರಿಗೆಳೀತು, ಕೋಣ ನೀರಿಗೆಳೀತು. ಮುಗೀತಲ್ಲ."

"ಕೋಣ ಸಂಜಿಗೆ ಮನಿಗೆ ಬರ್ತದ, ಯಜಮಾನ್ರ. ತಿಮಿಂಗಿಲ ಬರಲಿಲ್ಲ," ಎಂದೆ, ಗೆದ್ದವನಂತೆ.

ಅಜ್ಜ ಮರುಗಿದ. "ಪಾಪ, ಹೊಡಕೊಂಡು ಬರಾಕ ಯಾರೂ ಹೋಗಿಲ್ಲ ನೋಡ್ರಿ."

೩. ದುರಸ್ತಿ

ಜೇವರ್ಗಿ ಕಡೆಯ ಶಾಲೆಯಲ್ಲಿ ತಿಮಿಂಗಿಲ ಮಾತ್ರ ನನ್ನದು, ಪಾಠ ಅಲ್ಲಿಯ ಅತಿಥಿ ಶಿಕ್ಷಕಿಯದು. ಆ ಪಾಠ ನೋಡಿ, ಮುಂದಿನ ವರ್ಷ ಆಕೆ ಇರಬೇಕೋ ಬೇಡವೋ ಎಂದು ತಪಾಸಣೆಯ ಸಾಹೇಬರು ಬರೆಯುವವರಿದ್ದರು. ಆಕೆ ಬೆಳಗಿನಿಂದ ನೀರು ಬಿಟ್ಟು ಏನೂ ಮುಟ್ಟಿರಲಿಲ್ಲ.

ಪಾಠ ಚೆನ್ನಾಗೇ ನಡೆಯಿತು. "ಈಗ ನೋಡ್ರಿ, ಹಿಂಗಾಲಿನ ಎಲುಬು ಬೆನ್ನೆಲುಬಿಗೆ ಕೂಡಿಲ್ಲ," ಎಂದು ಆಕೆ ಎಲುಬು ಹಿಡಿದು ಅಲ್ಲಾಡಿಸಿದಳು. ಎಲುಬು ಅಲ್ಲಾಡಲಿಲ್ಲ. ತಿಮಿಂಗಿಲವೇ ಅಲ್ಲಾಡಿತು.

"ಕೂಡ್ಯದಲ್ಲ, ಮೇಡಂ?" ಎಂದರು ಸಾಹೇಬರು.

ಬಾಗಿಲಲ್ಲಿದ್ದ ಮುದಿ ಜವಾನ ಹೆಮ್ಮೆಯಿಂದ ಮುಂದೆ ಬಂದ. "ಮುಂಜಾನೆ ಜೀಪಿನಿಂದ ಇಳಿಸಿದ ಮ್ಯಾಲ ನಾನs ಅಂಟಿಸೇನ್ರಿ. ಕಾಲು ಮುರದು ಜೋತಾಡಾಕತ್ತಿತ್ತು. ಹಿಂಗಾಲಿಲ್ಲದ ಅದು ನಡಿಯೋದ್ಹೆಂಗ್ರಿ?"

ನಾನು ಸೂರು ನೋಡಿದೆ. ಆಕೆ ಮಕ್ಕಳ ಕಡೆ ತಿರುಗಿದಳು. "ಕೇಳಿದ್ರೇನು? ನೆಲದ ಮ್ಯಾಲ ಇರೋ ಕಾಕಾಗ ಕಾಲು ಬೇಕs ಬೇಕು. ನೀರಾಗ ಇದ್ದಿದ್ರ ಅಂಟಸ್ತಿದ್ರೇನು?"

"ಇಲ್ರೀ!" ಎಂದಿತು ತರಗತಿ.

ಸಾಹೇಬರು ಬಿಡಲಿಲ್ಲ. "ಬ್ಯಾಡಾದ ಎಲುಬು ಇಷ್ಟರ ಯಾಕ ಉಳೀತು?"

"ಸರ್, ನಿಮ್ಮ ಆಫೀಸಿನಾಗ ಟೈಪ್ ಮಷೀನ್ ಇನ್ನೂ ಅದಲ್ರಿ?"

"ಅದ. ಅದನ್ನ ತಗಿಯಾಕ ಮ್ಯಾಲಿಂದ ಆರ್ಡರ್ ಬಂದಿಲ್ಲ."

"ಇದಕ್ಕೂ ಬಂದಿಲ್ಲ ಸರ್."

ಸಾಹೇಬರು ನಗಲಿಲ್ಲ. ತಪಾಸಣಾ ಪುಸ್ತಕ ತರಿಸಿ, ನಿಧಾನವಾಗಿ ಬರೆದು, ಸಹಿ ಹಾಕಿ ಹೋದರು. ಆಕೆಗೆ ಓದುವ ಧೈರ್ಯವಿರಲಿಲ್ಲ. ನಾನೇ ಗಟ್ಟಿಯಾಗಿ ಓದಿದೆ:

"ಅತಿಥಿ ಶಿಕ್ಷಕಿಯನ್ನು ಮುಂದುವರಿಸಬಹುದು. ತಿಮಿಂಗಿಲದ ಕಾಲು ದುರಸ್ತಿಯಾಗಿದ್ದು, ಇನ್ನು ಮುಂದೆ ಸದರಿ ಪ್ರಾಣಿಯನ್ನು ನಡೆಯುವ ಸ್ಥಿತಿಯಲ್ಲೇ ಇಡತಕ್ಕದ್ದು."