ಕಂಡಷ್ಟೇ ಕೂಗಬೇಕು

ಎಪ್ಪತ್ತೊಂದರ ಯುದ್ಧ ಮುಗಿದು ಐವತ್ತು ವರ್ಷ ದಾಟಿದರೂ ನಮ್ಮ ಕಡೆ ಸಂದೇಶಗಳು ತಪ್ಪು ಮನೆಗೆ ಹೋಗಿ ಮುಟ್ಟುವುದು ಮಾತ್ರ ನಿಂತಿಲ್ಲ. ಅದರಲ್ಲಿ ಅರ್ಧ ತಪ್ಪು ನನ್ನದೇ.

ನಾನು ಮಧುಗಿರಿಯ ಒಂದು ಕಾಲೇಜಿನಲ್ಲಿ ಇತಿಹಾಸ ಹೇಳುತ್ತೇನೆ. ಆ ವಿಷಯ ತೆಗೆದುಕೊಳ್ಳುವವರು ಈಗ ಎಷ್ಟು ಕಮ್ಮಿ ಎಂದರೆ, ಒಬ್ಬ ಹುಡುಗಿಗೆ ಜ್ವರ ಬಂದರೆ ಇಡೀ ತರಗತಿಗೇ ರಜೆ. ಹೀಗೆ ಕೈ ಖಾಲಿ ಇದ್ದ ಒಂದು ದಿನ ಹವಾಲ್ದಾರರು ಸಿಕ್ಕರು. ಸೈನ್ಯದ ಸಿಗ್ನಲ್ ವಿಭಾಗದಲ್ಲಿದ್ದು ನಿವೃತ್ತರಾದವರು, ವಯಸ್ಸು ಎಪ್ಪತ್ತೈದರ ಆಚೆ. ಅವರ ಟ್ರಂಕಿನಲ್ಲಿ ತಂತಿ ಬಡಿಯುವ ಕೀಲಿಗಳು, ಕೆಂಪು-ಬಿಳಿ ಬಾವುಟಗಳು, ಮುಕ್ಕಾಲಿಯ ಮೇಲೆ ಕೂರುವ ಒಂದು ಕನ್ನಡಿ. ಈ ಕನ್ನಡಿಗೆ ಹೀಲಿಯೋಗ್ರಾಫ್ ಎಂದು ಹೆಸರು. ಬಿಸಿಲನ್ನು ಹಿಡಿದು ದೂರದ ಬೆಟ್ಟಕ್ಕೆ ಎಸೆಯುವುದು ಅದರ ಕೆಲಸ. ಗಿಡ್ಡ ಮಿಂಚೆಂದರೆ ಚುಕ್ಕೆ, ಉದ್ದ ಮಿಂಚೆಂದರೆ ಗೆರೆ, ಚುಕ್ಕೆ ಗೆರೆ ಸೇರಿದರೆ ಒಂದು ಇಂಗ್ಲಿಷ್ ಅಕ್ಷರ. ಹಳೇ ಕಾಲದ ಖಾಕಿ ತೊಟ್ಟು, ಯುದ್ಧದ ಹೊತ್ತಿನಲ್ಲಿ ಸುದ್ದಿ ಹೇಗೆ ಹೋಗುತ್ತಿತ್ತು ಅಂತ ಊರೂರಿಗೆ ಹೋಗಿ ಮಾಡಿ ತೋರಿಸೋಣ ಎಂದು ಹೊರಟೆವು. ಮೂರನೆಯವರು ಶಿರಾದಲ್ಲಿ ಕನ್ನಡಿ ಅಂಗಡಿ ಇಟ್ಟಿರುವ ಭಾಯ್. ಹವಾಲ್ದಾರರ ಒಡೆದ ಕನ್ನಡಿಗೆ ಹೊಸ ಗಾಜು ಹಾಕಿಕೊಟ್ಟವರು, ಗಾಜಿನ ಹಿಂದೆಯೇ ಬಂದುಬಿಟ್ಟರು.

ಹವಾಲ್ದಾರರಿಗೆ ಒಂದೇ ಆಸೆ. ಮಧುಗಿರಿ ಬೆಟ್ಟದ ಮೇಲೆ ನಿಂತು, ಚನ್ನರಾಯನದುರ್ಗದ ಬೆಟ್ಟದಿಂದ ಬರುವ ಒಂದು ಮಿಂಚನ್ನು ತಮ್ಮ ಕಣ್ಣಲ್ಲಿ ಓದಬೇಕು. ಟ್ರೇನಿಂಗಿನಲ್ಲಿ ಈ ಕನ್ನಡಿ ಕಂಡ ದಿನದಿಂದ, ಈ ಎರಡು ಬೆಟ್ಟ ಒಮ್ಮೆ ಮಾತಾಡಬೇಕು ಅಂತ ಅನ್ನಿಸಿತ್ತಂತೆ. ದುರ್ಗದ ಕೆಳಗೆ ಅವರ ಹೆಂಡತಿಯ ತವರು. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ ಎಂದು ಅವರು ಮೂರು ಸಲ ಹೇಳಿದರು. ಆಗ ಇದೆ ಅಂತ ನನಗೆ ಗೊತ್ತಾಯಿತು.

ಆದರೆ ಅವರ ಕಣ್ಣಿಗೆ ಗ್ಲಾಕೋಮಾ. ನೋಟ ಅಂಚಿನಿಂದ ಕಪ್ಪಾಗುತ್ತ ಒಳಗೆ ಬರುತ್ತಿತ್ತು. "ಹೋಗಿರೋದು ವಾಪಸ್ ಬರಲ್ಲ, ಡ್ರಾಪ್ಸ್ ಬಿಡದೆ ಹಾಕಿ, ಇರೋದನ್ನ ಉಳಿಸ್ಕೊಳ್ಳಿ" ಎಂದಿದ್ದರು ಡಾಕ್ಟರು. ಉಳಿದಿರುವುದು ಎಷ್ಟು ದಿನ ಅಂತ ಅವರೂ ಹೇಳಲಿಲ್ಲ, ಇವರೂ ಕೇಳಲಿಲ್ಲ.

ಐ.ಡಿ.ಹಳ್ಳಿ ಕಡೆಯ ತಂತಿ

ಮೊದಲನೇ ಪ್ರದರ್ಶನ ಐ.ಡಿ.ಹಳ್ಳಿ ಕಡೆಯ ಒಂದು ಶಾಲೆಯಲ್ಲಿ. ಹವಾಲ್ದಾರರು ಕಟ್ಟೆ ಮೇಲೆ ಕೂತು ಕೀಲಿ ಬಡಿಯುವುದು, ನಾನು ಕೇಳಿ ಬರೆದುಕೊಳ್ಳುವುದು, ಭಾಯ್ ಖಾಕಿ ಹಾಕಿಕೊಂಡು ಸೈಕಲ್ಲಿನಲ್ಲಿ ಆ ಟೆಲಿಗ್ರಾಮನ್ನು ಯೋಧನ ಮನೆಗೆ ಮುಟ್ಟಿಸುವುದು. ಯೋಧನ ಮನೆ ಎಂದು ಶಾಲೆ ಎದುರಿನ ಮನೆಯನ್ನೇ ಆರಿಸಿದ್ದೆವು. ಸೊಸೆ ಒಪ್ಪಿದ್ದಳು. ಅತ್ತೆಗೆ ಹೇಳುವುದನ್ನು ಮರೆತಿದ್ದಳು.

ಅಜ್ಜಿ ಜಗಲಿಯಲ್ಲಿ ಅವರೆಕಾಳು ಬಿಡಿಸುತ್ತಿದ್ದರು. ಖಾಕಿ, ಸೈಕಲ್ಲು, ಮಡಿಸಿದ ಕಾಗದ ಮೂರೂ ಒಟ್ಟಿಗೆ ಕಂಡಿದ್ದೇ ತಡ, ಮೊರ ಆ ಕಡೆ ಹಾರಿತು. "ಅಯ್ಯೋ, ತಂತಿ ಬಂತಲ್ಲಪ್ಪೋ!" ಎಂದು ಎದೆ ಬಡಿದುಕೊಂಡರು. ಅಕ್ಕಪಕ್ಕದವರು ಓಡಿ ಬಂದರು. ಯಾರು ಹೋದರು ಎಂದು ಯಾರಿಗೂ ಗೊತ್ತಿಲ್ಲ, ಆದರೆ ಅಳು ಮಾತ್ರ ತಡೆಯಲಿಲ್ಲ. ಎದುರು ಮನೆಯವರು ಒಲೆಗೆ ನೀರು ಹುಯ್ದರು. ಒಬ್ಬರು ಆಗಲೇ ಹೂವಿನವನಿಗೆ ಫೋನು ಮಾಡುತ್ತಿದ್ದರು.

ನಾನು ಓಡಿಹೋಗಿ ಕಾಗದ ಬಿಚ್ಚಿ ಗಟ್ಟಿಯಾಗಿ ಓದಿದೆ: "ರಜೆ ಸಿಕ್ಕಿದೆ, ಸೋಮವಾರ ಬರುತ್ತೇನೆ."

ಅಜ್ಜಿ ಕಣ್ಣೊರೆಸಿಕೊಂಡು ನನ್ನನ್ನೇ ದಿಟ್ಟಿಸಿದರು. "ಬರಾ ಇಸ್ಯಕ್ಕೆ ಯಾರಾನಾ ತಂತಿ ಕೊಡ್ತಾರಾ? ಮರೆಮಾಚಬ್ಯಾಡ ಕಣಮ್ಮ. ಯಾರು ಹೋದ್ರು ಅಂತ ಹೇಳ್ಬುಡು, ನಾನು ತಡ್ಕೊಂತೀನಿ."

ಇದೆಲ್ಲ ನಾಟಕ, ಯಾರೂ ಹೋಗಿಲ್ಲ ಎಂದು ಅರ್ಥ ಮಾಡಿಸುವ ಹೊತ್ತಿಗೆ ಅರ್ಧ ಗಂಟೆ. ಪೊಲೀಸಿಗೆ ಹೇಳುತ್ತಾರೇನೋ ಅಂತ ನಾನು ಸೈಕಲ್ಲನ್ನು ಆಗಲೇ ರಸ್ತೆ ಕಡೆ ತಿರುಗಿಸಿದ್ದೆ. ಅಜ್ಜಿ ಮೂಗು ಸೀಟಿ, ಚೆಲ್ಲಿದ ಕಾಳು ಆಯುತ್ತ, "ಹೋಗ್ಲಿ ಬುಡು. ಹ್ವಾದ್ ವರ್ಸ ನಮ್ ಭಾವ ಸತ್ತಾಗ ಗಂಟಲು ಕಟ್ಟಿತ್ತು, ಸರಿಯಾಗಿ ಅಳಕ್ಕೇ ಆಗಿರ್ಲಿಲ್ಲ. ಇವತ್ತಿಂದು ಅವ್ರಿಗೆ ಸೇರ್ಲಿ" ಎಂದರು.

ಶಿರಾ ಕೋಟೆಯ ಸಲಾಂ

ಭಾಯ್ ಅಕ್ಷರಗಳ ಪಟ್ಟಿಯನ್ನು ಅಂಗಡಿಯ ದೊಡ್ಡ ಕನ್ನಡಿಗೇ ಅಂಟಿಸಿಕೊಂಡು ಕಲಿತರು. ಗಿರಾಕಿಗಳು ಮುಖ ನೋಡಿಕೊಳ್ಳಲು ನಿಂತರೆ ಹಣೆ ತುಂಬ ಚುಕ್ಕೆ ಗೆರೆ. ಒಂದು ತಿಂಗಳಲ್ಲಿ ಕೈ ಕೂತಿತು. ಶಿರಾ ಕೋಟೆಯಲ್ಲಿ ಪ್ರಯೋಗ ಇಟ್ಟೆವು. ಒಂದು ಬುರುಜಿನ ಮೇಲೆ ಭಾಯ್, ಇನ್ನೊಂದರ ಮೇಲೆ ನಾವಿಬ್ಬರು. ಕಳಿಸಬೇಕಾದ್ದು ಮೂರೇ ಪದ: ಉತ್ತರದಿಂದ ಶತ್ರು ಬರುತ್ತಿದ್ದಾನೆ.

ಇಲ್ಲಿ ಹವಾಲ್ದಾರರ ನಿಯಮ ಹೇಳಬೇಕು. ಕನ್ನಡಿ ಓದುವುದಕ್ಕೆ ಇಬ್ಬರು ಬೇಕು. ಒಬ್ಬರು ಕಣ್ಣು ತೆಗೆಯದೆ ನೋಡುತ್ತ ಅಕ್ಷರ ಕೂಗಬೇಕು, ಇನ್ನೊಬ್ಬರು ತಲೆ ಎತ್ತದೆ ಬರೆಯಬೇಕು. ಬರೆಯುವವರು ತಿದ್ದುವ ಹಾಗಿಲ್ಲ. ಕೂಗುವವರು ಊಹಿಸುವ ಹಾಗಿಲ್ಲ. "ಕಂಡಷ್ಟೇ ಕೂಗಬೇಕು ಮೇಡಂ. ಊಹೆ ಮಾಡಿದೋನು ಪ್ಲಟೂನ್ ಮುಳುಗಿಸ್ತಾನೆ" ಅನ್ನುತ್ತಿದ್ದರು.

ಭಾಯ್ ಶುರು ಮಾಡಿದರು. ಹವಾಲ್ದಾರರು ಕೂಗಿದರು, ನಾನು ಬರೆದೆ. ಎಸ್, ಎ, ಎಲ್, ಎ, ಎಂ. ಆಮೇಲೆ "ಖೈರಿಯತ್", ಅಂದರೆ ಕ್ಷೇಮವಾ ಎಂದು. ಆಮೇಲೆ "ಮನೆಯಲ್ಲಿ ಎಲ್ಲ ಹೇಗಿದ್ದಾರೆ". ಅಷ್ಟರಲ್ಲಿ ಮೋಡ ಬಂತು. ಶತ್ರು ಬರಲೇ ಇಲ್ಲ.

ಭಾಯ್ ಇಳಿದು ಬಂದಾಗ ಹವಾಲ್ದಾರರು ಕೆಂಡ. "ಯುದ್ಧದಾಗೆ ಯಾರ್ರೀ ಸಲಾಂ ಹೇಳ್ತಾ ಕೂರ್ತಾರೆ?"

"ಅರೇ ಹವಾಲ್ದಾರ್ ಸಾಬ್, ಸಲಾಂ ಇಲ್ದೆ ಮಾತು ಶುರು ಮಾಡ್ಲಿಕ್ಕೆ ನಾನೇನು ಜಾನ್ವರ್ರಾ?"

"ನಿಮ್ ಖೈರಿಯತ್ ಮುಗಿಯೋ ಹೊತ್ಗೆ ಶತ್ರು ಬಂದು, ಕೋಟೆ ಹಿಡಿದು, ನಿಮ್ ಅಂಗಡಿ ಪಕ್ಕ ಟೀ ಕುಡ್ಕೊಂಡು ವಾಪಸ್ ಹೋಗಿರ್ತಾನೆ!"

ಭಾಯ್ ಸ್ವಲ್ಪ ಯೋಚಿಸಿದರು. "ನಮ್ಮಲ್ಲಿ ಟೀ ಕುಡಿದ್ನಾ? ಮತ್ತೆ ಶತ್ರು ಹೆಂಗಾಗ್ತಾನೆ ಸಾಬ್?"

ಕೊರಟಗೆರೆಯ ಬಾವುಟ

ಇದು ಸಣ್ಣದು. ಕೊರಟಗೆರೆಯಲ್ಲಿ ರಸ್ತೆ ಪಕ್ಕದ ಮೈದಾನದಲ್ಲಿ ಬಾವುಟದ ಭಾಷೆ ತೋರಿಸುತ್ತಿದ್ದೆವು. ನೋಡಲು ಬಂದವರು ನಾಲ್ವರು, ಅದರಲ್ಲಿ ಒಬ್ಬರು ನೆರಳಿಗೆ ಬಂದವರು. ಹವಾಲ್ದಾರರು ಕೆಂಪು ಬಾವುಟ ಎತ್ತಿದರು. ಸರ್ಕಾರಿ ಬಸ್ಸು ಗಕ್ಕನೆ ನಿಂತಿತು. ಅದರ ಹಿಂದೆ ಎರಡು ಲಾರಿ, ಒಂದು ಟ್ರ್ಯಾಕ್ಟರು.

"ಮುಂದೆ ಏನ್ ಸಾರ್, ರಸ್ತೆ ಕಿತ್ತಿದ್ದಾರಾ?" ಎಂದ ಡ್ರೈವರು. ಪ್ರಯಾಣಿಕರು ಇಳಿದು ಬೀಡಿ ಹಚ್ಚಿದರು. ಏನೂ ಇಲ್ಲ ಹೋಗಿ ಎಂದು ನಾನು ಕೈ ಮುಗಿದರೂ ಡ್ರೈವರು ಹೊರಡ. "ಅವ್ರು ಬಾವುಟ ಇಳಿಸ್ಲಿ ಮೇಡಂ, ಹಂಗೆಲ್ಲ ಹೋಗಕ್ಕಾಗಲ್ಲ."

ಬಸ್ಸು ಹೋದ ಮೇಲೂ ಹವಾಲ್ದಾರರು ಆ ಕಡೆಯೇ ನೋಡುತ್ತಿದ್ದರು. "ಇಷ್ಟು ವರ್ಷದ ಸರ್ವೀಸಿನಾಗೆ ನನ್ ಸಿಗ್ನಲ್ಲಿಗೆ ಇಷ್ಟು ಬೇಗ ಯಾರೂ ಬೆಲೆ ಕೊಟ್ಟಿರ್ಲಿಲ್ಲ" ಎಂದರು.

ಪಾವಗಡದ ಉದ್ದನೆಯ ಸಂದೇಶ

ಪಾವಗಡದಲ್ಲಿ ಬೆಟ್ಟ ಹತ್ತಿದ್ದು ಹವಾಲ್ದಾರರು ಮತ್ತು ಭಾಯ್. ನಾನು ಭಾಯ್ ಮಾಡಿಕೊಟ್ಟ, ಕೀಲಿ ಒತ್ತಿದರೆ ಬಾಗುವ ಚಿಕ್ಕ ಕನ್ನಡಿ ಹಿಡಿದು ನಾಗಲಮಡಿಕೆ ಕಡೆಯ ಗುಡ್ಡಕ್ಕೆ ಹೋಗಿ, ಹನ್ನೊಂದು ಗಂಟೆಗೆ ಅಲ್ಲಿಂದ ಕಳಿಸಬೇಕಿತ್ತು. ನಾನಿದ್ದ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತು. ಫೋನಿಗೆ ಸಿಗ್ನಲ್ ಇರಲಿಲ್ಲ. ಸಿಗ್ನಲ್ಲಿನವರಿಗೆ ಆಗಬೇಕಾದ್ದೇ ಅದು.

ಮುಂದಿನದು ಭಾಯ್ ಹೇಳಿದ್ದು. ಹನ್ನೊಂದಕ್ಕೆ ಸರಿಯಾಗಿ ಹವಾಲ್ದಾರರು "ಬಂತು!" ಎಂದರು. ಇ, ಇ, ಟಿ, ಟಿ, ಇ, ಐ ಎಂದು ಕೂಗತೊಡಗಿದರು. ಭಾಯ್ ತಲೆ ಎತ್ತದೆ ಬರೆದರು. ಒಂದು ಪುಟ ತುಂಬಿತು, ಒಂದು ಪದವೂ ಆಗಲಿಲ್ಲ. "ಮೇಡಂ ಇವತ್ತು ಕೋಪದಲ್ಲಿದ್ದಾರೆ ಸಾಬ್, ಉಸಿರು ಬಿಡೋಕೂ ಗ್ಯಾಪ್ ಕೊಡ್ತಿಲ್ಲ" ಎಂದರಂತೆ. "ರಹಸ್ಯ ಕೋಡ್ ಇರ್ಬೇಕು, ಬರೀರಿ" ಎಂದರಂತೆ ಹವಾಲ್ದಾರರು.

ಮೇಕೆ ಕಾಯುತ್ತಿದ್ದ ಮುದುಕರೊಬ್ಬರು ಬಹಳ ಹೊತ್ತು ನೋಡಿ ನೋಡಿ ಹತ್ತಿರ ಬಂದು ಅರ್ಧ ತೆಲುಗಿನಲ್ಲಿ ಕೇಳಿದರು. "ಏಂ ರಾಸ್ತುನ್ನಾರು, ಏನ್ ಬರೀತಿದೀರಾ ಸಾಮೀ? ಅವು ಸೋಲಾರ್ ಪ್ಲೇಟ್ಲು ಕದಾ. ಮೋಡ ಬಂದ್ರೆ ಆರ್ತವೆ, ಬಿಸ್ಲು ಬಂದ್ರೆ ಹೊಳೀತವೆ. ಅವಿ ಮಾಟ್ಲಾಡವು ಸಾಮೀ, ಮಾತಾಡಲ್ಲ."

ಅದೇ ಹೊತ್ತಿಗೆ ಗುಡ್ಡದ ಮೇಲೆ ಸಿಗ್ನಲ್ ಸಿಕ್ಕಿ ಅವರಿಗೆ ನನ್ನ ಕರೆ ಹೋಯಿತು. "ಸಾರಿ ಸರ್, ಈಗ ತಾನೆ ಗುಡ್ಡ ಹತ್ತಿದೆ. ಶುರು ಮಾಡಲಾ?"

ಇಳಿಯುವಾಗ ಹವಾಲ್ದಾರರು ಭಾಯ್ ಹೆಗಲು ಹಿಡಿದುಕೊಂಡಿದ್ದರಂತೆ. ಮೊದಲು ಹಿಡಿಯುತ್ತಿರಲಿಲ್ಲ. "ಒಂದು ಚುಕ್ಕಿ ಬೆಳಕಿಗೂ ಒಂದು ಬಯಲು ಬೆಳಕಿಗೂ ವ್ಯತ್ಯಾಸ ತಿಳೀಲಿಲ್ಲ ಭಾಯ್. ಜಾಸ್ತಿ ದಿನ ಇಲ್ಲ ಇದು" ಎಂದರಂತೆ. ಭಾಯ್ ಆ ಕಾಗದ ಹರಿಯಲು ಹೋದರು. ಹವಾಲ್ದಾರರು ತಡೆದರು. "ಹರೀಬೇಡಿ. ಹಂಗೆ ನೋಡಿದ್ರೆ ಕಳಿಸಿದ್ದು ಸೂರ್ಯನೇ ತಾನೆ? ಫೈಲಿಗೆ ಹಾಕಿ. ಅವನಿಗೆ ಏನೋ ಅರ್ಜೆಂಟ್ ಇತ್ತು."

ಮಧುಗಿರಿ, ಕೊನೆಯದು

ಇನ್ನು ತಡ ಮಾಡುವ ಹಾಗಿರಲಿಲ್ಲ. ಮುಂದಿನ ಭಾನುವಾರವೇ ಭಾಯ್ ದೊಡ್ಡ ಕನ್ನಡಿ ಹೊತ್ತು ಚನ್ನರಾಯನದುರ್ಗ ಹತ್ತಿದರು. ಜೊತೆಗೆ ಹವಾಲ್ದಾರರ ಹೆಂಡತಿ. ನಮಗೆಲ್ಲ ಅವರು ಬರೀ ಅಮ್ಮ. ತವರಿನ ಬೆಟ್ಟ, ಕೆಳಗಿನ ಸುತ್ತಿನ ಗೋಡೆವರೆಗೆ ನಾನೂ ಬರ್ತೀನಿ ಎಂದಿದ್ದರು. ಕನ್ನಡಿಯನ್ನೂ ಅಲ್ಲೇ ಇಡುವುದೆಂದಾಯಿತು. ಏನು ಕಳಿಸಬೇಕು ಎಂದು ಅಮ್ಮನೇ ಹೇಳುವುದು, ನಮಗೆ ಮೊದಲೇ ತಿಳಿಸಬಾರದು. ಇದು ಹವಾಲ್ದಾರರ ಷರತ್ತು. "ಗೊತ್ತಿದ್ದು ಓದಿದ್ರೆ ಅದು ಓದೋದಲ್ಲ, ಬಾಯಿಪಾಠ."

ಮಧುಗಿರಿ ಬೆಟ್ಟದ ಅರ್ಧಕ್ಕೇ ನಿಂತೆವು. ದುರ್ಗ ಕಾಣುವ ಒಂದು ಬುರುಜಿನಲ್ಲಿ ಅವರು ಖಾಕಿ ಸರಿಮಾಡಿಕೊಂಡು ನಿಂತರು. ನಾನು ಪುಸ್ತಕ ಹಿಡಿದು ಪಕ್ಕದಲ್ಲಿ ಕೂತೆ. ಆಕಾಶದಲ್ಲಿ ಒಂದು ತುಣುಕು ಮೋಡ ಇಲ್ಲ. ಇಂಥ ಬಿಸಿಲು ಶಿರಾದಲ್ಲಿ ಸಿಕ್ಕಿದ್ದರೆ ಎಂದುಕೊಂಡೆ.

ಹತ್ತು ಗಂಟೆಗೆ ದುರ್ಗದ ಮೇಲೆ ಬೆಳಕು ಸಿಡಿಯಿತು. ಅಷ್ಟು ದೂರದಿಂದ ಬಂದರೂ ಸೂಜಿ ಚುಚ್ಚಿದ ಹಾಗಿತ್ತು. ಮೊದಲು ಸಲಾಂ. ನಾನು ಹವಾಲ್ದಾರರ ಮುಖ ನೋಡಿದೆ. ಅವರು ದುರ್ಗದ ಎಡಕ್ಕೆ, ಏನೂ ಇಲ್ಲದ ಕಡೆ ನೋಡುತ್ತಿದ್ದರು.

"ಶುರುವಾಯ್ತಾ?" ಎಂದರು.

"ಆಯ್ತು ಸರ್."

"ಹೂಂ, ಕಾಣ್ತಿದೆ. ಬರ್ಕೊಳಿ." ಸ್ವಲ್ಪ ತಡೆದು ಕೂಗಿದರು. "ಎ... ಎಲ್... ಎಲ್..."

ಅಲ್ಲಿ ಬರುತ್ತಿದ್ದದ್ದು ಡಿ, ಆರ್, ಓ, ಪಿ, ಎಸ್. ನಾನು ತಲೆ ಎತ್ತಬಾರದಿತ್ತು, ಎತ್ತಿದ್ದೆ. ಅವರು "ಡಬ್ಲ್ಯೂ... ಇ..." ಎನ್ನುತ್ತಿದ್ದರು. ಬರೆಯುವವರು ತಿದ್ದುವ ಹಾಗಿಲ್ಲ. ಬರೆದೆ. ಆಲ್ ವೆಲ್. ಎಲ್ಲ ಕ್ಷೇಮ.

ದುರ್ಗದ ಮಿಂಚು ನಿಂತಿತು. "ಸರಿಯಾಗಿದೆಯಾ ಮೇಡಂ?"

"ಸರಿಯಾಗಿದೆ ಸರ್. ಆಲ್ ವೆಲ್."

ಅವರು ಬುರುಜಿನ ಕಲ್ಲಿನ ಮೇಲೆ ನಿಧಾನ ಕೂತರು. ಆಮೇಲೆ ಭುಜ ಕುಲುಕಿತು. ಅಳುತ್ತಿದ್ದಾರೆ ಎಂದುಕೊಂಡೆ, ನಗುತ್ತಿದ್ದರು.

"ಮದುವೆ ಆಗಿ ಐವತ್ತು ವರ್ಷ ಆಯ್ತು ಮೇಡಂ. ಒಂದು ದಿನಾನಾದ್ರೂ ಆ ಹೆಂಗಸು ಎಲ್ಲ ಕ್ಷೇಮ ಅಂದಿಲ್ಲ. ಸುಳ್ಳು ಹೇಳೋದಾದ್ರೆ ನಾನು ಬೇರೆ ಏನಾದ್ರೂ ಹೇಳ್ಬೇಕಾಗಿತ್ತು. ನಿಮಗೂ ಸುಳ್ಳು ಹೇಳಕ್ಕೆ ಬರಲ್ಲ. ನಿಜವಾಗ್ಲೂ ಏನು ಬಂತು?"

"ಡ್ರಾಪ್ಸ್ ಹಾಕಿದ್ರಾ ಅಂತ ಸರ್."

ಅವರು ಜೇಬಿನಿಂದ ಸಣ್ಣ ಬಾಟಲಿ ತೆಗೆದು ಅಂಗೈಯಲ್ಲಿ ಹೊರಳಿಸಿದರು. "ಹಾಕಿಲ್ಲ. ಹಾಕಿದ್ರೆ ಒಂದು ಗಂಟೆ ಮಂಜು ಮಂಜು. ಇವತ್ತು ಒಂದಿನ ಚೆನ್ನಾಗಿ ಕಾಣ್ಲಿ ಅಂತ ಬಿಟ್ಟೆ. ನಿನ್ನೇನೂ ಬಿಟ್ಟಿದ್ದೆ." ಬಾಟಲಿ ಜೇಬಿಗೆ ಹೋಯಿತು. "ನಮ್ ಚಿಕ್ಕ ಕನ್ನಡಿ ದುರ್ಗದ ಕಡೆ ತಿರುಗಿಸಿ ಕೊಡಿ, ಉತ್ತರ ಕಳಿಸ್ತೀನಿ. ಕಳಿಸಕ್ಕೆ ಕಣ್ಣು ಬ್ಯಾಡ."

ತಿರುಗಿಸಿ ಕೊಟ್ಟೆ. ಕಣ್ಣು ಮುಚ್ಚಿಕೊಂಡೇ ಕೀಲಿ ಒತ್ತಿದರು. ಒಂದು ಚುಕ್ಕೆ ಹೆಚ್ಚಿಲ್ಲ, ಒಂದು ಗೆರೆ ಕಮ್ಮಿಯಿಲ್ಲ. ಕಳಿಸಿದ್ದು: ಹಾಕಿದೆ.

ದುರ್ಗ ಸ್ವಲ್ಪ ಹೊತ್ತು ಕಪ್ಪಗಿತ್ತು. ಆಮೇಲೆ ಹೊಳೆಯಿತು. ಈ ಸಲ ಭಾಯ್ ಸಲಾಂ ಕಳಿಸಲಿಲ್ಲ. ಆಗಲೇ ಪರಿಸ್ಥಿತಿ ಗಂಭೀರ ಎಂದು ತಿಳಿಯಿತು. ನಾನು ಎದ್ದು ನಿಂತು, ಜೀವನದಲ್ಲಿ ಮೊದಲ ಸಲ, ಕಂಡಷ್ಟನ್ನೇ ಕೂಗಿದೆ. ಎಸ್. ಯು. ಎಲ್. ಎಲ್. ಯು.

ಸುಳ್ಳು.

ಹವಾಲ್ದಾರರು ಬಾಟಲಿ ನನ್ನ ಕೈಗೆ ಕೊಟ್ಟು ತಲೆ ಹಿಂದಕ್ಕೆ ಹಾಕಿದರು. ಎರಡೂ ಕಣ್ಣಿಗೆ ಒಂದೊಂದು ಹನಿ ಬಿಟ್ಟೆ. ಕನ್ನಡಿಯ ಕಡೆ ಕೈ ಚಾಚಿದಾಗ, "ಏನೂ ಕಳಿಸ್ಬೇಡಿ. ಅವಳಿಗೆ ಕಾಣ್ಸುತ್ತೆ" ಎಂದರು.

ಫೋನು ಹೊಡೆದುಕೊಂಡಿತು. ಭಾಯ್.

"ಮೇಡಂ, ಅಮ್ಮ ಕನ್ನಡಿ ಮಡಚು ಅಂತಿದಾರೆ. ಸಾಬ್ ಡ್ರಾಪ್ಸ್ ಹಾಕ್ಕೊಂಡಾಯ್ತಂತೆ. ನೀವೇನಾದ್ರೂ ಕಳಿಸಿದ್ರಾ? ನನಗೇನೂ ಕಾಣ್ಲಿಲ್ಲವಲ್ಲ!"