ಅಳಿವೆಯಲ್ಲಿ ಕೂತು ಆಳಸಮುದ್ರವನ್ನು ಗೆದ್ದ ಪುರ್ಸು ತಾಂಡೇಲ

ಸಕಲ ಜಲಚರಗಳಿಗೆ ತಾಯಿಯೂ ಸಕಲ ದೋಣಿಗಳಿಗೆ ತೊಟ್ಟಿಲೂ ಆದ ಪಡುಗಡಲೇ, ನಿನಗೆ ತಲೆಬಾಗಿ ಹೇಳುತ್ತೇನೆ. ಮಾತು ತಂತಿಯಿಲ್ಲದೆ ಗಾಳಿಯಲ್ಲಿ ಹಾರುವ ಈ ವಯರ್‌ಲೆಸ್ ಯುಗದಲ್ಲಿ, ಅಘನಾಶಿನಿ ಹೊಳೆ ಕಡಲು ಸೇರುವ ಅಳಿವೆಯಲ್ಲಿ, ಮತ್ಸ್ಯಕುಲಧೂಮಕೇತುವೂ ಉತ್ತುಂಗತರಂಗಮದಭಂಜನನೂ ಆದ ಪುರ್ಸು ತಾಂಡೇಲನೆಂಬ, ಮೀನುಬೋಟು ನಡೆಸುವ ವೀರನಿದ್ದನು.

ಆತನು ಒಂದು ಸಂಜೆ, ಬೋಟು ಕಟ್ಟುವ ಧಕ್ಕೆಯಲ್ಲಿ, ಹೆಂಡತಿಯ ಅಣ್ಣನಾದ ಉಮಾಕಾಂತನೆದುರು ಎದೆ ತಟ್ಟಿ, "ಬಾವಾ, ನನ್ನ ಬೋಟು ಅಳಿವೆ ಮರಳಿಗೆ ಮುಟ್ಟಿದ್ರೆ ಈ ಹಂಗಾಮು ಪೂರ್ತಿ ಚುಕ್ಕಾಣಿ ನಿಂಗೇ ಕೊಡ್ತೆ!" ಎಂದು ಶಪಥಗೈದನು. ಮರುದಿನ ಬೆಳಗಿನ ದಟ್ಟ ಮಂಜಿನಲ್ಲಿ, ನೀರಿಳಿದ ಹೊತ್ತಿನಲ್ಲಿ, ಬೋಟು ಅದೇ ಮರಳದಿಬ್ಬದ ಮೇಲೆ ಗಬ್ಬದ ಎಮ್ಮೆಯಂತೆ ಕೂತುಬಿಟ್ಟಿತು.

ಭರತದ ನೀರೇರಿದರೆ ಬೋಟು ತಾನೇ ತೇಲುವುದು; ಅಲ್ಲಿಯತನಕ ಯಾರೂ ತಿಳಿಯಬಾರದು. ವೀರನು ವಯರ್‌ಲೆಸ್ಸಿನ ಏರಿಯಲ್ ಕಂಬಿಗೆ, ಸದ್ದು ಕುಗ್ಗಲೆಂದು, ಒದ್ದೆ ಗೋಣಿ ಸುತ್ತಿ, ತನ್ನ ಸ್ವರವನ್ನು ಬಹುದೂರದ್ದೆಂಬಂತೆ ಕ್ಷೀಣಗೊಳಿಸಿ ಗರ್ಜಿಸಿದನು: "ಕೇಳ್ರೋ! ನಾ ಪಡುವಣದ ಆಳಸಮುದ್ರದಲ್ಲಿ! ಬಲೆ ಎಳುಕೆ ಆಗುದಿಲ್ಲ, ಅಷ್ಟು ಮೀನು!"

ಧಕ್ಕೆ ಬಿಟ್ಟು ಹೊರಡುತ್ತಿದ್ದ ವಾಗ್ಬಾಣಭಯಂಕರ ಉಮಾಕಾಂತನು ಹುಬ್ಬು ಗಂಟಿಕ್ಕಿ, ಕಡಲಲ್ಲಿದ್ದ ಬೇರೆ ಬೋಟುಗಳನ್ನು ವಯರ್‌ಲೆಸ್ಸಿನಲ್ಲಿ ಕರೆದನು.

"ಪಡುವಣದಲ್ಲಿರೂ ಹಮ್ಮಣ್ಣಾ, ಪುರ್ಸು ಹೇಳಿದ್ದು ಕೇಳ್ತನಾ?"

"ಪುರ್ಸು ಮಾತಾಡಿದ್ನಾ? ನಂಗೆ ಒಂದಕ್ಷರ ಕೇಳ್ಲಿಲ್ಲ."

"ತೆಂಕಣದ ಬೊಮ್ಮಯ್ಯಾ, ನಿಂಗೆ?"

"ಗರಗರ ಅಂತು, ಅಷ್ಟೇ."

"ನಂಗೆ ಅವ ಎಲೆ ಅಗಿಯೂ ಸದ್ದೂ ಕೇಳ್ತು!" ಉಮಾಕಾಂತನು ಅಟ್ಟಹಾಸಗೈದನು. "ಎಲಾ ಪುರ್ಸು! ಪಡುವಣದಲ್ಲಿದ್ರೆ ಹಮ್ಮಣ್ಣಂಗೆ ಎಲ್ಲರಿಗಿಂತ ಜೋರು ಕೇಳ್ಬೇಕಿತ್ತು. ಸ್ವರ ಸಣ್ಣ ಮಾಡಿ ಒಬ್ಬಂಗೆ ಮೋಸ ಮಾಡೂದು ಸುಲಭ; ಮೂರು ಕಡೆ ಕಿವಿ ಕೊಟ್ಟವ್ರಿಗೆ ಹ್ಯಾಂಗೆ ಮಾಡ್ತೆ? ನೀ ಇಲ್ಲೇ ಅಳಿವೆ ಮರಳಿನ ಮೇಲಿದ್ದೆ! ಚುಕ್ಕಾಣಿ ಒರೆಸಿ ಇಡು, ಬಂದೆ!"

ಮಂಜನ್ನು ಸೀಳುತ್ತ, ಜಲರಾಶಿಯನ್ನು ಇಬ್ಭಾಗ ಮಾಡುತ್ತ, ಬಾವನ ಬೋಟು ಬಂದೇ ಬಂದಿತು. ಮರಳಿನ ಮೇಲೆ ಪುರ್ಸು ಕಣ್ಣಿಗೆ ಬಿದ್ದನು. ಜಯಶಾಲಿ ಉಮಾಕಾಂತನು ತೋಳೆತ್ತಿ ಬೊಬ್ಬಿರಿಯುವಷ್ಟರಲ್ಲಿ ಬುಡದಲ್ಲಿ ಸರ್ರ್ ಎಂದು ಸದ್ದಾಗಿ, ಆ ಬೋಟೂ ಪಕ್ಕದಲ್ಲೇ ಕೂತಿತು.

ಯಾರು ಎಲ್ಲಿದ್ದಾರೆಂಬುದು ಕಡಲಿಗೆ ಗೊತ್ತು. ಪುಣ್ಯಕ್ಕೆ ಅದು ಮಾತಾಡುವುದಿಲ್ಲ. ಮೊಣಕಾಲುದ್ದದ ನೀರಿನಲ್ಲಿ ಒಂದು ಏಡಿ ಎರಡು ಬೋಟುಗಳ ನಡುವೆ ಅಡ್ಡಡ್ಡ ನಡೆದುಹೋಯಿತು.

ವಯರ್‌ಲೆಸ್ಸಿನಲ್ಲಿ ಹಮ್ಮಣ್ಣ ಕೂಗಿದ: "ಉಮಾಕಾಂತಾ, ಪುರ್ಸು ಸಿಕ್ನಾ? ನೀ ಎಲ್ಲಿದ್ಯ ಮಾರಾಯಾ?"

ಬಾವಂದಿರು ಮುಖ ಮುಖ ನೋಡಿಕೊಂಡರು.

"ಬಾವಾ," ಎಂದ ಉಮಾಕಾಂತ ಮೆಲ್ಲಗೆ, "ಇನ್ನೊಂದು ಗೋಣಿ ಇದ್ಯನಾ?"

"ಇದ್ನೇ ಅರ್ಧ ಹರಿದು ಕೊಡ್ತೆ. ಚುಕ್ಕಾಣಿ?"

"ಯಾವ ಚುಕ್ಕಾಣಿ? ಬೇಗ ಹರಿ."